ನಿತ್ಯಾನಂದ ಮಾಸ್ಟ್ರ ಕೊನೆಯ ಪ್ರಶ್ನೆ

ನಿತ್ಯಾನಂದ ಮಾಸ್ಟ್ರ ಆನ್‌ಲೈನ್ ಕ್ವಿಜ್ ಎಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲೂಕಿನ ಹೈಸ್ಕೂಲು ಮಕ್ಕಳಿಗೆ ಗೊತ್ತು. ಗೊತ್ತು ಎನ್ನುವುದಕ್ಕಿಂತ, ಅದರ ಕೊನೆಯ ಪ್ರಶ್ನೆಯ ಮೇಲೆ ಆ ಮಕ್ಕಳಿಗೆಲ್ಲ ಒಂದು ಸಿಟ್ಟಿದೆ ಎನ್ನುವುದೇ ಸರಿ. ಮೊದಲಿನ ಪ್ರಶ್ನೆಗಳನ್ನು ಮೊಬೈಲಿನಲ್ಲೇ ಹುಡುಕಿ ಟಪಟಪನೆ ಒತ್ತಿ ಮುಗಿಸಬಹುದು. ಕೊನೆಯದ್ದಕ್ಕೆ ಮೊಬೈಲು ಕೆಳಗಿಟ್ಟು, ಎದ್ದು, ಅಡುಗೆಮನೆಗೋ ಜಗಲಿಗೋ ಹೋಗಿ ಮನೆಯ ಹಿರಿಯರನ್ನು ಕೇಳಬೇಕು. ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ಕಷಾಯಕ್ಕೆ ಪಾಲೆ ಮರದ ತೊಗಟೆಯನ್ನು ಕತ್ತಿಯಿಂದ ಕಡಿಯದೆ ಕಲ್ಲಿನಿಂದ ಜಜ್ಜಿ ತೆಗೆಯುವುದು ಏಕೆ? ನಿಮ್ಮ ಮನೆಯಲ್ಲಿ ಹಲಸಿನ ಬೇಳೆಯನ್ನು ಮಳೆಗಾಲಕ್ಕೆ ಹೇಗೆ ಕಾದಿಡುತ್ತಾರೆ? ಹೀಗೆ ಇರುತ್ತಿತ್ತು ಅವರ ಕೊನೆಯ ಪ್ರಶ್ನೆ. ಮಾಸ್ಟ್ರ ಲೆಕ್ಕದಲ್ಲಿ, ಕೇಳಿ ತಿಳಿದದ್ದನ್ನು ಯಾರೂ ಕದ್ದದ್ದು ಎನ್ನಲಾರರು.

ಮಾಸ್ಟ್ರು ಹುಟ್ಟಿದ್ದು ವಿಟ್ಲದ ಕಡೆ. ಮೊದಲ ನೌಕರಿ ಬೆಳ್ತಂಗಡಿಯ ಒಳಗಿನ ಒಂದು ಹಳ್ಳಿಯಲ್ಲಿ. ಧರ್ಮಸ್ಥಳದ ಬಸ್ಸಿನಲ್ಲಿ ಹೋಗಿ, ಮಧ್ಯದಲ್ಲಿ ಇಳಿದು, ಹೊಳೆ ದಾಟಿ ನಡೆಯಬೇಕು. ಆಗ ಪ್ರಶ್ನೆಪತ್ರಿಕೆ ಎಂದರೆ ಸೈಕ್ಲೋಸ್ಟೈಲ್. ಮೇಣದ ಹಾಳೆಯ ಮೇಲೆ ಉಕ್ಕಿನ ಲೇಖನಿಯಿಂದ ಗೀರಿ, ಶಾಯಿ ಬಳಿದು, ಉರುಳೆ ತಿರುಗಿಸಿದರೆ ಒಂದೊಂದೇ ಪ್ರತಿ ಹೊರಗೆ ಬರುತ್ತಿತ್ತು. ಆ ಶಾಯಿಯ ವಾಸನೆ ಮಾಸ್ಟ್ರಿಗೆ ಇವತ್ತಿಗೂ ಬೇಕು. ಪರೀಕ್ಷೆಯ ದಿನ ಮಕ್ಕಳು ಕಾಗದ ಕೈಗೆ ಬಂದೊಡನೆ ಓದುವುದರ ಬದಲು ಮೂಗಿಗೆ ಹಿಡಿಯುತ್ತಿದ್ದರು. ಅಲ್ಲಿಂದ ಬಂಟ್ವಾಳದ ಬಿ.ಸಿ. ರೋಡಿನ ಶಾಲೆ, ಅಲ್ಲಿಂದ ಮೂಡುಬಿದಿರೆಯ ಬೆಳುವಾಯಿ. ನಿವೃತ್ತಿಗೆ ಹತ್ತಿರ ಬಂದಾಗ ಕೊರೋನಾ ಬಂತು, ಶಾಲೆ ಮುಚ್ಚಿತು. ಸಹಕಾರಿ ಸಂಘದಲ್ಲಿ ಕಂಪ್ಯೂಟರು ಕುಟ್ಟುವ ಹೆಂಡತಿ ಜಲಜಾಕ್ಷಿ ಅವರಿಗೆ ಆನ್‌ಲೈನ್ ಪ್ರಶ್ನೆಪತ್ರಿಕೆ ಮಾಡುವುದನ್ನು ಕಲಿಸಿಕೊಟ್ಟಳು.

"ನೀವು ಸರಿ ಉತ್ತರ ಒಮ್ಮೆ ಹೇಳಿಕೊಟ್ರೆ ಸಾಕು, ಅದೇ ತಿದ್ದಿ ಮಾರ್ಕು ಕೊಡ್ತದೆ," ಎಂದಳು.

"ನಾನು ಹೇಳಿದ್ದೇ ತಪ್ಪಾದ್ರೆ?"

"ಆಗ ಅದೂ ತಪ್ಪೇ ಮಾಡ್ತದೆ. ನಿಮ್ಮ ಹಾಗೆ ವಾದ ಮಾಡ್ಲಿಕ್ಕೆ ಅದಕ್ಕೆ ಬರುದಿಲ್ಲ."

ಮಾಸ್ಟ್ರು ನಕ್ಕರು. ಕಲಿತ ಮೇಲೆ ಅವರನ್ನು ಹಿಡಿಯುವವರಿಲ್ಲ. ಭಾನುವಾರ ಬಂದರೆ ಒಂದು ಕ್ವಿಜ್. ಕೊರೋನಾ ಹೋಯಿತು, ಕ್ವಿಜ್ ಉಳಿಯಿತು.

ಆದರೆ ಮೊಬೈಲು ಕೊಟ್ಟ ಕೈ ಬರೆಯುವ ಕೈಯನ್ನು ಕಟ್ಟಿಹಾಕಿತು. ಒಂಬತ್ತನೆಯ ತರಗತಿಗೆ ‘ನಮ್ಮೂರಿನ ಹೊಳೆ’ ಎಂದು ಪ್ರಬಂಧ ಕೊಟ್ಟರೆ ಅರ್ಧ ತರಗತಿಯ ಹೊಳೆ ಹಿಮಾಲಯದಲ್ಲಿ ಹುಟ್ಟಿತು. ಉಜ್ವಲ್ ಎಂಬ ಜಾಣನ ಪ್ರಬಂಧದ ಮೊದಲ ಸಾಲು ಹೀಗಿತ್ತು: ‘ಖಂಡಿತ! ನಿಮಗಾಗಿ ಹೊಳೆಯ ಬಗ್ಗೆ ಒಂದು ಸುಂದರ ಪ್ರಬಂಧ ಇಲ್ಲಿದೆ.’ ಪ್ರಬಂಧ ಬರೆದುಕೊಟ್ಟ ಮೊಬೈಲಿನ ಎಐ ಯಂತ್ರ ಅವನಿಗೆ ಹೇಳಿದ ಮಾತನ್ನೂ ಬಿಡದೆ, ಮಹಾನುಭಾವ ದುಂಡಗಿನ ಅಕ್ಷರದಲ್ಲಿ ಇಳಿಸಿದ್ದ. ಮಾಸ್ಟ್ರು ಅದನ್ನು ಓದಿದಾಗ ತರಗತಿ ಬಿದ್ದು ಬಿದ್ದು ನಕ್ಕಿತು. ಉಜ್ವಲನೂ ನಕ್ಕ. ಯಾಕೆ ನಗುತ್ತಿದ್ದೇವೆ ಎಂದು ಅವನಿಗೆ ಗೊತ್ತಾದದ್ದು ಸ್ವಲ್ಪ ತಡವಾಗಿ.

ಮರುದಿನದಿಂದ ಮಾಸ್ಟ್ರು ಕೃತಿಚೌರ್ಯದ ಪಾಠ ಶುರುಮಾಡಿದರು. ಪುಸ್ತಕದಲ್ಲಿರುವ ವ್ಯಾಖ್ಯಾನವನ್ನು ಕರಿಹಲಗೆಯ ಮೇಲೆ ಬರೆದು ಮುಗಿಸಬಹುದಿತ್ತು. ಅದನ್ನೂ ಮಕ್ಕಳು ನಕಲು ಮಾಡಿಕೊಳ್ಳುತ್ತಿದ್ದರು, ಅಷ್ಟೆ. ಹಾಗಾಗಿ ಅವರು ತಮಗೆ ಗೊತ್ತಿದ್ದ ದಾರಿ ಹಿಡಿದರು. ಆ ದಾರಿಯ ಹೆಸರು ತಾಳಮದ್ದಳೆ.

ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹಾಡುತ್ತಾರೆ, ಎದುರು ಕುಳಿತ ಅರ್ಥಧಾರಿ ಆ ಪಾತ್ರವಾಗಿ ಸ್ವಂತ ಬುದ್ಧಿಯಿಂದ ಮಾತಾಡುತ್ತಾನೆ. ಪದ್ಯ ಎಲ್ಲರಿಗೂ ಒಂದೇ, ಅರ್ಥ ಮಾತ್ರ ಅವರವರದ್ದು. ಮಾಸ್ಟ್ರು ತರಗತಿಯಲ್ಲಿ ಒಂದು ಪದ್ಯ ಹಾಡಿ ಒಬ್ಬೊಬ್ಬರಿಂದ ಮಾತಾಡಿಸಿದರು. ಪಕ್ಕದವನು ಹೇಳಿದ್ದು ಒಳ್ಳೆಯದಾಗಿದ್ದರೆ ತೆಗೆದುಕೊಳ್ಳಲಿಕ್ಕೆ ಅಡ್ಡಿಯಿಲ್ಲ, ಆದರೆ ಕೊನೆಗೆ ನಿಂತು ‘ಆ ಮಾತು ಇವನದ್ದು’ ಎನ್ನಬೇಕು. ಇದು ಅವರಿಟ್ಟ ಒಂದೇ ನಿಯಮ.

ಆ ನಿಯಮವೂ ಅವರದ್ದಲ್ಲ, ವಿಟ್ಲದ ಮಹೇಶ್ವರ ಭಟ್ಟರದ್ದು. ಹಾಗೆಂದು ಮಾಸ್ಟ್ರು ಮಕ್ಕಳಿಗೆ ಹೇಳಿಯೇ ಪಾಠ ಶುರುಮಾಡಿದ್ದರು.

ಭಟ್ಟರು ಅರ್ಥಕ್ಕೆ ಕುಳಿತರೆಂದರೆ ನಿತ್ಯಾನಂದ ಎಲ್ಲಿದ್ದರೂ ಹೋಗುತ್ತಿದ್ದ ಕಾಲವೊಂದಿತ್ತು. ಆಗ ತಲೆಯಲ್ಲಿ ಕಪ್ಪು ಕೂದಲಿತ್ತು, ಕಾಲಿನಲ್ಲಿ ಬಲವಿತ್ತು, ಕೈಯಲ್ಲಿ ಕೆಲಸವಿರಲಿಲ್ಲ. ಆಟಿಯ ಮಳೆಯಲ್ಲಿ ಗದ್ದೆಯ ಹುಣಿಯ ಮೇಲೆ ಕೊಡೆ ಹಿಡಿದು ನಡೆದು, ಯಾರದೋ ಮನೆಯ ಜಗಲಿಯಲ್ಲಿ ಒದ್ದೆ ಬಟ್ಟೆಯಲ್ಲೇ ಕುಳಿತು ಕೇಳಿದ ಆ ಮಾತುಗಳು! ಭಟ್ಟರಿಗೊಂದು ವಿಚಿತ್ರ ಅಭ್ಯಾಸವಿತ್ತು. ಮಂಗಳ ಹಾಡಿ ಆಯಿತು, ಅವಲಕ್ಕಿ ಕಾಫಿ ಬಂತು ಎನ್ನುವಾಗ ಅವರು ಹೆಗಲ ಶಾಲು ಸರಿಮಾಡಿಕೊಂಡು, "ಇವತ್ತು ನಾನು ಸಾರಥಿಯ ಬಗ್ಗೆ ಹೇಳಿದ್ದು ಪುಣಚದ ಮಾಸ್ಟ್ರ ಮಾತು. ಬಿಲ್ಲಿನ ವಿಷಯ ಹೇಳಿದ್ದು ನಮ್ಮ ಭಾಗವತರು ದಾರಿಯಲ್ಲಿ ಬರುವಾಗ ಹೇಳಿಕೊಟ್ಟದ್ದು," ಎಂದು ಒಂದೊಂದನ್ನೂ ಒಡೆಯರಿಗೆ ಒಪ್ಪಿಸುತ್ತಿದ್ದರು. ಬೇರೆ ಅರ್ಥಧಾರಿಗಳು ಒಳಗೊಳಗೇ ನಗುತ್ತಿದ್ದರು. ಚಪ್ಪಾಳೆ ಬಂದದ್ದನ್ನು ಹಂಚಿ ಕೊಡುವವನು ಬುದ್ಧಿವಂತನೇ?

ಅದರಲ್ಲೂ ಒಂದು ಮಧ್ಯಾಹ್ನ ಮಾಸ್ಟ್ರ ಮನಸ್ಸಿನಲ್ಲಿ ಹಾಗೇ ಉಳಿದಿದೆ. ಭಟ್ಟರ ಮನೆಯಲ್ಲೇ ಸತ್ಯನಾರಾಯಣ ಪೂಜೆ, ಊಟವಾದ ಮೇಲೆ ತಾಳಮದ್ದಳೆ. ಕುಂತಿ ಕರ್ಣನನ್ನು ಕಂಡು ‘ನೀನು ನನ್ನ ಮಗ’ ಎನ್ನುವ ಭಾಗ. ಭಟ್ಟರದ್ದು ಕರ್ಣ. ಎಂದಿನಂತೆ ಉದ್ದಕ್ಕೆ ಮಾತಾಡಲಿಲ್ಲ. ಇಷ್ಟೇ ಹೇಳಿದರು: "ಬೆಳೆದು ನಿಂತವನನ್ನು ಮಗನೆಂದು ಕರೆಯಲು ಏನು ಕಷ್ಟ ತಾಯೀ? ಅಳುತ್ತಿದ್ದಾಗ ಎತ್ತಿಕೊಂಡವಳು ರಾಧೆ."

ಒಳಬಾಗಿಲ ಹಿಂದೆ ತೆಂಗಿನಕಾಯಿ ತುರಿಯುವ ಶಬ್ದ ನಿಂತಿತು. ಎದುರಿನ ಚಾಪೆಯಲ್ಲಿ ಕುಳಿತಿದ್ದ, ಮುಂಬಯಿಯಿಂದ ಬಂದ ಸಫಾರಿ ಸೂಟಿನ ನೆಂಟರೊಬ್ಬರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಎದ್ದು ಅಂಗಳಕ್ಕೆ ಹೋದರು. ಕಂಬಕ್ಕೆ ಒರಗಿ ಕುಳಿತಿದ್ದ ನಿತ್ಯಾನಂದನ ಕಣ್ಣಿನಲ್ಲಿಯೂ ನೀರು. ಅವತ್ತು ಕಾಫಿಯ ಹೊತ್ತಿಗೆ ಭಟ್ಟರು ಎಂದಿನಂತೆ ಹೆಸರುಗಳನ್ನು ಹೇಳಿದರು. ಆ ಮಾತಿಗೆ ಮಾತ್ರ ಯಾರ ಹೆಸರೂ ಬರಲಿಲ್ಲ.

ಎಲ್ಲರ ಹೆಸರು ಹೇಳುವ ಮನುಷ್ಯ ಹೇಳಲಿಲ್ಲವೆಂದರೆ ಅದು ಮೂಲ ಕಾವ್ಯದಲ್ಲೇ ಇರುವ ಮಾತು ಎಂದು ನಿತ್ಯಾನಂದ ತಿಳಿದ. ಕರ್ಣನೇ ಹೇಳಿದ್ದು ಎಂದು ನಂಬಿದ. ಊರೂ ನಂಬಿತು. ಭಟ್ಟರು ತೀರಿಹೋಗಿ ವರ್ಷಗಳಾದ ಮೇಲೂ ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಯಾರಾದರೂ ‘ಕರ್ಣ ಹೇಳಿದ ಹಾಗೆ’ ಎಂದು ಆ ಮಾತು ಎತ್ತುವುದಿತ್ತು.

ಈ ವರ್ಷದ ಆಟಿಯಲ್ಲಿ ಮೂರು ತಾಲೂಕಿನ ಕನ್ನಡ ಶಿಕ್ಷಕರು ಸೇರಿ ದೊಡ್ಡ ಆನ್‌ಲೈನ್ ಕ್ವಿಜ್ ಇಟ್ಟರು. ವಿಷಯ ‘ಯಾರ ಮಾತು?’. ಒಂದೊಂದು ಸಾಲು ಕೊಡುವುದು, ಅದು ಯಾರದ್ದೆಂದು ಮಕ್ಕಳು ಹೇಳುವುದು. ಮಾತಿಗೆ ಒಡೆಯನಿದ್ದಾನೆ ಎಂದು ಮಕ್ಕಳು ತಿಳಿಯಲಿ ಎಂಬುದೇ ಉದ್ದೇಶ. ಪ್ರಶ್ನೆ ಮಾಡಿದವರು ನಿತ್ಯಾನಂದ ಮಾಸ್ಟ್ರು. ಕೊನೆಯ ಪ್ರಶ್ನೆಗೆ ಅವರು ತಮ್ಮ ಪ್ರೀತಿಯ ಆ ಸಾಲನ್ನೇ ಇಟ್ಟು, ‘ಮನೆಯಲ್ಲಿ ಹಿರಿಯರನ್ನು ಕೇಳಿ ಉತ್ತರಿಸಿ’ ಎಂದು ಬರೆದರು. ಕರ್ಣ, ಕೃಷ್ಣ, ಭೀಷ್ಮ, ವಿದುರ. ಅದರ ಕೆಳಗೆ ‘ಇತರ’ ಎಂದು ಒಂದು ಖಾಲಿ ಜಾಗ. ಸರಿ ಉತ್ತರ ಕರ್ಣ ಎಂದು ಯಂತ್ರಕ್ಕೆ ಹೇಳಿಕೊಟ್ಟರು.

ಫಲಿತಾಂಶ ಬಂದ ಮರುದಿನ ಹತ್ತನೆಯ ತರಗತಿಯ ಸಜ್ನಾ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಒಂದೇ ಒಂದು ಅಂಕದಲ್ಲಿ ಅವಳಿಗೆ ಮೊದಲ ಸ್ಥಾನ ತಪ್ಪಿ ಬೆಳ್ತಂಗಡಿಯ ಹುಡುಗನೊಬ್ಬನಿಗೆ ಹೋಗಿತ್ತು.

"ಸರ್, ನಂದು ಕೊನೆಯದ್ದು ತಪ್ಪು ಅಂತ ತೋರಿಸ್ತಾ ಉಂಟು."

"ಎಂತ ಉತ್ತರ ಕೊಟ್ಟದ್ದು ನೀನು?"

"ಮಹೇಶ್ವರ ಭಟ್ಟರು ಅಂತ. ‘ಇತರ’ ಅಂತ ಇತ್ತಲ್ಲ, ಅಲ್ಲಿ ಟೈಪ್ ಮಾಡಿದ್ದು."

ಮಾಸ್ಟ್ರು ಕನ್ನಡಕದ ಮೇಲಿನಿಂದ ನೋಡಿದರು. "ಯಾರು ಹೇಳಿದ್ದು ನಿಂಗೆ?"

"ನಮ್ಮ ಅಜ್ಜ. ಅವರಿಗೆ ವಿಟ್ಲದಲ್ಲಿ ಅಡಿಕೆ ವ್ಯಾಪಾರ ಇತ್ತು ಸರ್. ತಾಳಮದ್ದಳೆ ಒಂದೂ ಬಿಡ್ತಿರಲಿಲ್ಲವಂತೆ. ಭಟ್ಟರು ಬೇರೆಯವರ ಮಾತಾದ್ರೆ ಹೆಸರು ಹೇಳ್ತಿದ್ರಂತೆ, ಇದಕ್ಕೆ ಹೇಳ್ಲಿಲ್ಲ. ಹಾಗಾದ್ರೆ ಅದು ಅವರದ್ದೇ ಅಲ್ವಾ?"

ಮಾಸ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹುಡುಗಿ ಬಿಡಲಿಲ್ಲ.

"ಸುಮ್ಮನೆ ಕರ್ಣ ಅಂತ ಒತ್ತಿದವರಿಗೆಲ್ಲ ಮಾರ್ಕು ಬಂದಿದೆ. ಮನೆಯಲ್ಲಿ ಕೇಳಿದ್ದು ನಾನೊಬ್ಬಳೇ ಇರ್ಬೇಕು. ಸರ್, ಒಬ್ಬರ ಮಾತಿಗೆ ಇನ್ನೊಬ್ಬರ ಹೆಸರು ಹಾಕಿದ್ರೆ ಅದು ಕದ್ದ ಹಾಗೆ ಅಂತ ನೀವೇ ಹೇಳಿದ್ದಲ್ವಾ?"

"ನೋಡ್ತೇನೆ," ಎಂದರು ಮಾಸ್ಟ್ರು.

ಅವತ್ತು ಸಂಜೆಯೇ ಮನೆಯಲ್ಲಿದ್ದ, ತಾಳಮದ್ದಳೆಯ ಪದ್ಯಗಳಿರುವ ಪ್ರಸಂಗದ ಪುಸ್ತಕ ತೆಗೆದರು. ಪದ್ಯವಿತ್ತು, ಆ ಮಾತಿರಲಿಲ್ಲ. ಹಳೆಯ ಕಾವ್ಯ ತೆಗೆದರು. ಕರ್ಣ ಬೇಕಾದಷ್ಟು ಮಾತಾಡಿದ್ದ, ಇದೊಂದನ್ನು ಆಡಿರಲಿಲ್ಲ. ಗೊತ್ತಿದ್ದ ಇಬ್ಬರು ವಿದ್ವಾಂಸರಿಗೆ ಫೋನು ಮಾಡಿದರು. ಇಬ್ಬರೂ, "ಕರ್ಣನದ್ದೇ ಮಾರಾಯ, ಎಲ್ಲಿ ಬರ್ತದೆ ಅಂತ ಈಗ ನೆನಪಾಗುದಿಲ್ಲ," ಎಂದರು. ಹೆಸರು ಹೇಳುವುದನ್ನು ತಮಗೆ ಕಲಿಸಿದ ಮನುಷ್ಯನ ಹೆಸರನ್ನೇ ತಾವು ಅಳಿಸಿ, ಮೂರು ತಾಲೂಕಿನ ಮಕ್ಕಳ ಬಾಯಲ್ಲಿ ಕರ್ಣ ಎಂದು ಹೇಳಿಸಿಬಿಟ್ಟರಲ್ಲ! ಅದೂ ಕೃತಿಚೌರ್ಯದ ಪಾಠ ಮಾಡುವ ಮಹಾಶಯರು! ಅವರಿಗೆ ಉಜ್ವಲನ ನೆನಪಾಯಿತು. ಅವನಾದರೂ ಯಂತ್ರದಿಂದ ಕದ್ದದ್ದು.

ಸ್ಪರ್ಧೆಯ ಮುಖ್ಯಸ್ಥೆ ಶಶಿಪ್ರಭಾ ಟೀಚರಿಗೆ ಹೇಳಿದರೆ ಅವರು ತಲೆ ಚಚ್ಚಿಕೊಂಡರು. "ರಿಸಲ್ಟ್ ಹಾಕಿ ಆಯ್ತಲ್ಲ ನಿತ್ಯಾನಂದ ಸರ್! ಮುಂದಿನ ವಾರ ಬಹುಮಾನ ಉಂಟು. ಅಜ್ಜ ಹೇಳಿದ್ರು ಅಂತ ಬದಲಾಯಿಸ್ಲಿಕ್ಕೆ ಆಗ್ತದಾ? ಗಟ್ಟಿ ಆಧಾರ ತನ್ನಿ, ನೋಡುವ."

ಆಧಾರ ಎಲ್ಲಿಂದ ತರುವುದು? ಆ ಕಾಲದ ಮಾತು ಆ ಜಗಲಿಯಲ್ಲೇ ಹುಟ್ಟಿ ಅಲ್ಲೇ ಕರಗಿದ್ದು. ಉಳಿದವರು ಯಾರಾದರೂ ಇದ್ದರೆ ಭಟ್ಟರ ಹೆಂಡತಿ ಅನ್ನಪೂರ್ಣೇಶ್ವರಿ ಅಮ್ಮ. ಭಾನುವಾರ ಬೆಳಿಗ್ಗೆ ಮಾಸ್ಟ್ರು ಬಸ್ಸು ಹತ್ತಿದರು. ಸಿದ್ಧಕಟ್ಟೆ ದಾಟಿ, ಬಂಟ್ವಾಳದಲ್ಲಿ ತುಂಬಿ ಹರಿಯುವ ನೇತ್ರಾವತಿ ನೋಡಿ, ಬಿ.ಸಿ. ರೋಡಿನಲ್ಲಿ ಇಳಿದು ವಿಟ್ಲದ ಬಸ್ಸು ಹಿಡಿದರು. ತಾವು ಪಾಠ ಮಾಡಿದ ಶಾಲೆಯ ಹಂಚಿನ ಮಾಡು ಹೋಗಿ ತಾರಸಿ ಬಂದಿತ್ತು. ಒಂದು ಕಾಲದಲ್ಲಿ ಇದೇ ದಾರಿಯಲ್ಲಿ ಬಸ್ಸು ತಪ್ಪಿದರೆ ನಡೆದುಬಿಡೋಣ ಎನಿಸುತ್ತಿತ್ತು. ಈಗ ಬಸ್ಸಿನಲ್ಲಿ ಕುಳಿತರೂ ಸೊಂಟ ನೋಯುತ್ತದೆ.

ಭಟ್ಟರ ಮಗ ರಾಮಪ್ರಸಾದನಿಗೆ ವಿಟ್ಲದ ಪೇಟೆಯಲ್ಲಿ ಪಂಪುಸೆಟ್ಟಿನ ಅಂಗಡಿ, ಹಿಂದೆಯೇ ಮನೆ. ಅಮ್ಮ ಒಳಗಿನ ಕಿಟಕಿಯ ಬಳಿ ಹಲಸಿನ ಬೇಳೆ ಸುಲಿಯುತ್ತ ಕುಳಿತಿದ್ದರು. ಎಂಬತ್ತು ದಾಟಿದೆ, ಕಣ್ಣು ಸ್ವಲ್ಪ ಮಂಜು. ಸ್ವರ ಮಾತ್ರ ಅದೇ.

"ನಿತ್ಯಾನಂದನಾ? ಕಂಬದ ಹತ್ತಿರ ಕೂರ್ತಿದ್ದ ನಿತ್ಯಾನಂದ? ಅಯ್ಯೋ, ತಲೆ ಎಲ್ಲ ಬೆಳ್ಳಗಾಗಿದೆ ಅಲ್ಲ ಮಾರಾಯ!"

ಬೆಲ್ಲ ನೀರು ಕುಡಿದು, ಕುಶಲ ಮಾತಾಡಿ ಆದ ಮೇಲೆ ಮಾಸ್ಟ್ರು ವಿಷಯಕ್ಕೆ ಬಂದರು. ಕ್ವಿಜ್, ಸಜ್ನಾ, ಅವಳ ಅಜ್ಜ, ಎಲ್ಲವನ್ನೂ ಹೇಳಿದರು. ಆ ಸಾಲನ್ನೂ ಹೇಳಿದರು. "ಅಮ್ಮಾ, ಅದು ಕರ್ಣನದ್ದಲ್ಲ ಅಂತ ನಂಗೆ ಈಗ ಗೊತ್ತಾಯ್ತು. ಭಟ್ಟರದ್ದೇ ಅಂತ ನಿಮ್ಮ ಬಾಯಿಂದ ಒಂದು ಮಾತು ಬೇಕಿತ್ತು."

ಅಮ್ಮನ ಕೈ ಬೇಳೆಯ ಮೇಲೆ ನಿಂತಿತು.

"ಇವರದ್ದೂ ಅಲ್ಲ ಅದು," ಎಂದರು.

"ಮತ್ತೆ?"

"ನಾನು ಹೇಳಿದ್ದು."

ಬಾಗಿಲಲ್ಲಿ ನಿಂತಿದ್ದ ರಾಮಪ್ರಸಾದ ಒಳಗೆ ಬಂದು ಮೆಲ್ಲನೆ ಚಾಪೆಯ ಮೇಲೆ ಕುಳಿತ.

ಅಮ್ಮ ಅವನತ್ತ ಕೈ ತೋರಿಸಿದರು. "ಇವ ನಾನು ಹೆತ್ತದ್ದಲ್ಲ, ನಿಂಗೆ ಗೊತ್ತಿರ್ಲಿಕ್ಕಿಲ್ಲ. ಇವರ ತಂಗಿಯ ಮಗ. ಅವಳು ಬಾಣಂತನದಲ್ಲೇ ಹೋದ್ಳು. ಇವನ ಅಪ್ಪ ಮುಂಬಯಿಗೆ ಹೋದ, ಮತ್ತೊಂದು ಮದುವೆ ಆದ, ಒಂದು ಕಾಗದ ಇಲ್ಲ. ಇವ ಹತ್ತನೇ ಕ್ಲಾಸಿನಲ್ಲಿ ಒಳ್ಳೆ ಮಾರ್ಕು ತೆಗೆದ, ಪೇಪರಿನಲ್ಲಿ ಫೋಟೋ ಬಂತು. ಆಗ ಅಪ್ಪನಿಗೆ ನೆನಪಾಯ್ತು ನೋಡು. ಕರ್ಕೊಂಡು ಹೋಗ್ತೇನೆ ಅಂತ ಬಂದ."

"ಸಫಾರಿ ಸೂಟು," ಎಂದರು ಮಾಸ್ಟ್ರು, ತಮ್ಮಷ್ಟಕ್ಕೆ.

"ಹಾಂ, ಅವನೇ. ಪೂಜೆಯ ದಿನ ಬೆಳಿಗ್ಗೆ ಇವರು ಒಲೆಯ ಹತ್ತಿರ ಬಂದು, ‘ಕೇಳ್ತಾ ಇದ್ದಾನೆ, ಎಂತ ಮಾಡುವ?’ ಅಂದ್ರು. ನಂಗೆ ಕೋಪ ಬಂತು, ಅಳು ಬಂತು. ನಮ್ಮ ಮನೆ ಮಾತಿನಲ್ಲೇ ಹೇಳಿದೆ. ‘ಬೆಳದು ನಿಂದವನ ಮಗ ಹೇಳ್ಲೆ ಎಂತ ಕಷ್ಟ? ಕೂಗುವಗ ಎತ್ತಿಗೊಂಡದು ಆನು.’ ಇವರು ಎಂತ ಮಾತಾಡ್ಲಿಲ್ಲ. ಸರಿಯಾಗಿ ಊಟ ಕೂಡ ಮಾಡ್ಲಿಲ್ಲ. ಮಧ್ಯಾಹ್ನ ನಾನು ಒಳಗೆ ಅವಲಕ್ಕಿಗೆ ಕಾಯಿ ತುರೀತಾ ಇದ್ದೆ. ಹೊರಗೆ ಕರ್ಣನ ಬಾಯಲ್ಲಿ ನನ್ನ ಮಾತು ಬಂತು."

ಪೇಟೆಯಲ್ಲಿ ಪುತ್ತೂರಿನ ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು.

"ಮರುದಿನ ಬೆಳಿಗ್ಗೆ ಅವ ಒಬ್ಬನೇ ಹೋದ," ಎಂದರು ಅಮ್ಮ. "ಹೋಗುವಾಗ ನಂಗೆ ಕೈ ಮುಗಿದ."

"ಅವತ್ತು ಭಟ್ಟರು ನಿಮ್ಮ ಹೆಸರು ಹೇಳುವ ಹಾಗೆ ಇರಲಿಲ್ಲ ಅಮ್ಮಾ. ನೆಂಟರು ಎದುರೇ ಇದ್ರಲ್ಲ. ಮರ್ಯಾದೆ ಹೋಗ್ತಿತ್ತು."

"ಅವತ್ತು ಬೇಡ. ನಾನೂ ಹೇಳ್ತೇನೆ, ಅವತ್ತು ಬೇಡ." ಅಮ್ಮನ ಸ್ವರ ಸಣ್ಣದಾಯಿತು. "ಮತ್ತೆ ಎಷ್ಟು ವರ್ಷ ಇತ್ತು! ಎಷ್ಟು ಕಡೆ ಕರ್ಣ ಮಾಡಿದ್ರು! ಅದೇ ಮಾತಿಗೆ ಜನ ಅತ್ತರು ಅಂತ ಬಂದವರೆಲ್ಲ ಹೇಳ್ತಿದ್ರು. ಊರವರ ಹೆಸರೆಲ್ಲ ಇವರ ಬಾಯಲ್ಲಿ ಬರ್ತಿತ್ತು. ಜಗಲಿಯಲ್ಲಿ ಹೆಂಡತಿಯ ಹೆಸರು ಹೇಳ್ಲಿಕ್ಕೆ ನಾಚಿಕೆ ಇರಬಹುದು, ಆ ಕಾಲ ಹಾಗೆ. ಮನೆಗೆ ಬಂದು, ಒಲೆಯ ಹತ್ತಿರ ನಿಂತು, ‘ಇದು ನಿನ್ನದು’ ಅಂತ ಒಂದು ಸಲ ನಂಗೆ ಹೇಳಿದ್ರೆ ಸಾಕಿತ್ತು. ಹೇಳ್ಲಿಲ್ಲ."

ಮಾಸ್ಟ್ರಿಗೆ ದುಃಖ ಉಕ್ಕಿ ಬಂತು. ತಾವು ದೇವರ ಹಾಗೆ ಕಂಡ ಮನುಷ್ಯನ ಮೇಲೆ ಮೊದಲ ಸಲ ಸಣ್ಣ ಸಿಟ್ಟೂ ಬಂತು. ಸಿಟ್ಟಿನ ಜೊತೆಗೇ ಆ ಮಧ್ಯಾಹ್ನದ ಜಗಲಿ ಕಣ್ಣಿಗೆ ಕಟ್ಟಿತು. ಒಳಬಾಗಿಲ ಹಿಂದೆ ಕಾಯಿ ತುರಿಯುವ ಶಬ್ದ ಯಾಕೆ ನಿಂತಿತೆಂದು ಇಷ್ಟು ವರ್ಷದ ಮೇಲೆ ಗೊತ್ತಾಯಿತು.

ಅಲ್ಲೇ ಕುಳಿತು ಶಶಿಪ್ರಭಾ ಟೀಚರಿಗೆ ಫೋನು ಮಾಡಿ ಎಲ್ಲ ಹೇಳಿದರು. "ಆ ಪ್ರಶ್ನೆ ತೆಗೆದು ಬಿಡುವ ಸರ್. ಸಜ್ನಾಗೂ ಆ ಹುಡುಗನಿಗೂ ಮೊದಲ ಬಹುಮಾನ ಒಟ್ಟಿಗೆ ಕೊಡುವ," ಎಂದರು ಟೀಚರು. ತೆಗೆಯುವುದು ಬೇಡ, ಸರಿ ಉತ್ತರ ಹಾಕಿ ಎಲ್ಲ ಶಾಲೆಗಳಿಗೆ ಮತ್ತೆ ಕಳಿಸುತ್ತೇನೆ ಎಂದು ಮಾಸ್ಟ್ರು ಹಟ ಹಿಡಿದರು. ಟೀಚರು ಒಪ್ಪಿದರು. ಸಜ್ನಾಳಿಗೂ ಫೋನು ಮಾಡಿ ಹೇಳಿದಾಗ ಅವಳು ಕೇಳಿದ್ದು ಬಹುಮಾನದ ವಿಷಯವಲ್ಲ.

"ಹಾಗಾದ್ರೆ ನಮ್ಮ ಅಜ್ಜನದ್ದೂ ತಪ್ಪಾ ಸರ್?"

"ಅಜ್ಜನದ್ದೂ ತಪ್ಪು, ನಂದೂ ತಪ್ಪು."

"ಆ ಅಮ್ಮನ ಹೆಸರು ಇನ್ನೊಮ್ಮೆ ಹೇಳಿ ಸರ್. ಅಜ್ಜನಿಗೆ ಹೇಳ್ಬೇಕು."

ಮಾಸ್ಟ್ರು ಹೆಸರು ಹೇಳಿದರು. ಫೋನು ಇಟ್ಟು, ಅದರಲ್ಲೇ ಪ್ರಶ್ನೆಯನ್ನು ಹೊಸದಾಗಿ ಮಾಡತೊಡಗಿದರು. ‘ಬೆಳೆದು ನಿಂತವನನ್ನು ಮಗನೆಂದು ಕರೆಯಲು ಏನು ಕಷ್ಟ? ಇದು ಯಾರ ಮಾತು?’ ಕರ್ಣ. ಮಹೇಶ್ವರ ಭಟ್ಟರು. ಅನ್ನಪೂರ್ಣೇಶ್ವರಿ ಅಮ್ಮ. ಯಾವುದು ಸರಿ ಎಂದು ಯಂತ್ರಕ್ಕೆ ಹೇಳಿಕೊಟ್ಟು ಮೊಬೈಲನ್ನು ಅಮ್ಮನ ಮುಂದೆ ಹಿಡಿದರು.

"ನೀವೇ ಮೊದಲು ಒತ್ತಿ ಅಮ್ಮಾ. ಆಮೇಲೆ ಮಕ್ಕಳಿಗೆ ಕಳಿಸ್ತೇನೆ."

ರಾಮಪ್ರಸಾದ ಕನ್ನಡಕ ತಂದು ಕೊಟ್ಟ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು, ಮೂರೂ ಹೆಸರುಗಳನ್ನು ಮಕ್ಕಳ ಹಾಗೆ ಬಾಯಿಬಿಟ್ಟು ಓದಿದರು. ಬೆರಳು ಮೇಲೆ ಕೆಳಗೆ ಆಡಿ, ಕೊನೆಗೆ ನಡುವಿನ ಹೆಸರಿನ ಮೇಲೆ ಕೂತಿತು. ಮಹೇಶ್ವರ ಭಟ್ಟರು. ತೆರೆಯ ಮೇಲೆ ಕೆಂಪು ಗುಣಿಸುವ ಚಿಹ್ನೆ ಬಂತು.

"ಅಬ್ಬೇ, ತಪ್ಪಾತು!" ಎಂದ ರಾಮಪ್ರಸಾದ.

"ಗೊಂತಿದ್ದು, ಸುಮ್ಮನೆ ಕೂರು," ಎಂದು ಅವನ ಬಾಯಿ ಮುಚ್ಚಿಸಿ, ಅಮ್ಮ ಮಾಸ್ಟ್ರ ಕಡೆ ತಿರುಗಿದರು. "ಇವರಿಗೆ ಒಮ್ಮೆಯಾದ್ರೂ ತಪ್ಪು ಅಂತ ಬೀಳುದು ನಂಗೆ ನೋಡ್ಬೇಕಿತ್ತು."

ಹೇಳಿ ನಗತೊಡಗಿದರು. ಭುಜ ಕುಣಿಯುವಷ್ಟು ನಕ್ಕರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಆಮೇಲೆ, "ಇನ್ನೊಮ್ಮೆ ತೆಗಿ ಅದನ್ನು," ಎಂದರು. ಮಾಸ್ಟ್ರು ತೆಗೆದುಕೊಟ್ಟರು. ಈ ಸಲ ಬೆರಳು ಆಡಲಿಲ್ಲ, ನೆಟ್ಟಗೆ ಮೂರನೆಯ ಹೆಸರಿಗೆ ಹೋಯಿತು. ಹಸಿರು ಬಂತು. ಸರಿ ಉತ್ತರ ಎಂದು ಬಂತು, ಅದರ ಪಕ್ಕದಲ್ಲಿ ಅವರ ಹೆಸರು.

ಅಮ್ಮ ಅದನ್ನು ಗಟ್ಟಿಯಾಗಿ ಒಮ್ಮೆ ಓದಿದರು. ಮೊಬೈಲನ್ನು ಬೇಗ ಹಿಂದೆ ಕೊಡಲಿಲ್ಲ. ಮಾಸ್ಟ್ರೂ ಕೇಳಲಿಲ್ಲ, ಬುಟ್ಟಿಯಿಂದ ಒಂದು ಮುಷ್ಟಿ ಹಲಸಿನ ಬೇಳೆ ತೆಗೆದುಕೊಂಡು ಸುಲಿಯುತ್ತ ಕುಳಿತರು.